ಶಿರಸಿಯ ಮುದ್ರಣಾಲಯಕ್ಕೆ ಡೆಬಿಯನ್ ಸಾಕೇ, ಸದಾ ಹೊಸದಾಗುವ ಆರ್ಚ್ ಬೇಕೇ?

ಪ್ರಶ್ನೆ: ಶಿರಸಿಯ ಮುದ್ರಕ

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ನಮ್ಮದೊಂದು ಚಿಕ್ಕ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ಅಪರೂಪಕ್ಕೊಂದು ಸ್ಮರಣ ಸಂಚಿಕೆ ಅಥವಾ ಕವನ ಸಂಕಲನ ನಮ್ಮಲ್ಲಿ ಸಿದ್ಧವಾಗುತ್ತವೆ. ಪುಟ ಕಟ್ಟುವ ಕೆಲಸಕ್ಕೆ ನಾಲ್ಕು ಕಂಪ್ಯೂಟರ್‌ಗಳಿವೆ. ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಆಗಲಿ, ಅದು ಒಪ್ಪುವ ಪ್ರೊಸೆಸರ್ ಆಗಲಿ ಈ ನಾಲ್ಕರಲ್ಲಿ ಯಾವುದರಲ್ಲೂ ಇಲ್ಲ. ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ಅವನ್ನು ಗುಜರಿಗೆ ಹಾಕಲು ಮನಸ್ಸಾಗದೆ, ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಗೆ ಬರುವುದೆಂದು ಮನೆಯಲ್ಲಿ ಎಲ್ಲರೂ ಸೇರಿ ನಿಶ್ಚಯಿಸಿದ್ದೇವೆ. ಹಳೆಯ ಫಾಂಟ್‌ಗಳಲ್ಲಿದ್ದ ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಂಡಿರುವುದರಿಂದ ಆ ಚಿಂತೆ ಇಲ್ಲ.

ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ, ತಂತ್ರಾಂಶಗಳ ಹೊಸ ಆವೃತ್ತಿ ಬಂದಂತೆಲ್ಲ ತಾನೂ ಹೊಸದಾಗುವ ಆರ್ಚ್ ಲಿನಕ್ಸನ್ನೇ ಹಾಕಬೇಕೆನ್ನುತ್ತಾನೆ. ಪುಟವಿನ್ಯಾಸದ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಸಂಬಂಧಿಸಿದ ಸುಧಾರಣೆಗಳು ವರ್ಷವರ್ಷವೂ ಬರುತ್ತಿರುವಾಗ ಎರಡು ವರ್ಷ ಹಳೆಯ ಆವೃತ್ತಿಯನ್ನು ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ ಎಂಬುದು ಅವನ ವಾದ. ಕಂಪ್ಯೂಟರ್ ದುರಸ್ತಿ ಮಾಡುವ ಮಿತ್ರರೊಬ್ಬರು ಆವೃತ್ತಿಗಳನ್ನು ವರ್ಷಗಟ್ಟಲೆ ಬದಲಿಸದೆ ಇಡುವ ಡೆಬಿಯನ್ ಸ್ಟೇಬಲ್ ಎಂಬ ಲಿನಕ್ಸ್ ಹೊರತು ಬೇರೇನನ್ನೂ ದುಡಿಮೆಯ ಜಾಗದಲ್ಲಿ ಇಡಬಾರದೆನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ ಅನ್ನಿಸಿ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಆತಂಕ ಏನೆಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಸಂಘವೊಂದರ ವಾರ್ಷಿಕ ವರದಿಯ ಕರಡನ್ನು ಕಾರ್ಯದರ್ಶಿಗಳು ತಿದ್ದಿ, ಸಹಿ ಹಾಕಿ ಒಪ್ಪಿಗೆ ಕೊಟ್ಟ ಮೇಲೆ ನಾವು ಪಿಡಿಎಫ್ ಮಾಡಿ ಪ್ಲೇಟ್ ತೆಗೆಯಲು ಹುಬ್ಬಳ್ಳಿಗೆ ಕಳುಹಿಸುತ್ತೇವೆ. ಒಪ್ಪಿಗೆಗೂ ಪಿಡಿಎಫ್‌ಗೂ ನಡುವಿನ ಆ ಒಂದೆರಡು ದಿನಗಳಲ್ಲಿ ತಂತ್ರಾಂಶವೋ ಫಾಂಟೋ ತಾನಾಗಿ ಹೊಸದಾಗಿ, ಒಂದು ಒತ್ತಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಎಲ್ಲೋ ಒಂದು ಸಾಲು ಎರಡಾಗುತ್ತದೆ, ಅಡಾವೆ ಪತ್ರಿಕೆಯ ಕೊನೆಯ ಸಾಲು ಮುಂದಿನ ಪುಟಕ್ಕೆ ಇಳಿಯುತ್ತದೆ. ಪ್ಲೇಟ್ ಆದ ಮೇಲೆ ಅದು ಕಣ್ಣಿಗೆ ಬಿದ್ದರೆ ನಷ್ಟ ನಮ್ಮದೇ. ಇದರ ಜೊತೆಗೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುವುದೆಂಬ ಭರವಸೆ ಘಟ್ಟದ ಮೇಲೆ ಇಲ್ಲ. ಅಪ್‌ಡೇಟ್ ನಡುವೆ ಯಂತ್ರ ಆರಿಹೋದರೆ ಏನಾಗುತ್ತದೆ? ಹಾಗೆಂದು ಹಳೆಯದರಲ್ಲೇ ಇದ್ದರೆ ಸುರಕ್ಷತೆಯ ದೋಷಗಳು ಉಳಿದುಬಿಡುವುದಿಲ್ಲವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಕುಮಟೆಯ ಶಿಕ್ಷಕಿ

ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಡೆಬಿಯನ್ ಇದೆ; ಪ್ರಶ್ನೆಪತ್ರಿಕೆಗಳೂ ಅದರಲ್ಲೇ ತಯಾರಾಗುತ್ತವೆ. ಮಕ್ಕಳ ಅಭ್ಯಾಸ ಪುಸ್ತಕದಲ್ಲಿ ಬರೆಸಿದ ಮೆನುವಿನ ಹೆಸರು ಪರೀಕ್ಷೆಯ ದಿನವೂ ಪರದೆಯ ಮೇಲೆ ಅದೇ ಜಾಗದಲ್ಲಿ ಇರಬೇಕಾದ್ದು ನಮಗೆ ಎಲ್ಲಕ್ಕಿಂತ ಮುಖ್ಯ, ಆ ವಿಷಯದಲ್ಲಿ ಡೆಬಿಯನ್ ನಮ್ಮನ್ನು ಕೈಬಿಟ್ಟಿಲ್ಲ. ಕಗಪ ಕೀಲಿಮಣೆ ವಿನ್ಯಾಸ ವ್ಯವಸ್ಥೆಯಲ್ಲೇ ಇರುವುದರಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿಯಾದವರು ಹೊಸದಾಗಿ ಕಲಿಯಬೇಕಾದ್ದು ಬಹಳ ಕಡಿಮೆ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಡೆಬಿಯನ್‌ನ ತಂತ್ರಾಂಶ ಭಂಡಾರದಿಂದಲೇ ಸಿಗುತ್ತವೆ.

ಒಂದು ಎಚ್ಚರಿಕೆ ಮಾತ್ರ. ನಿಮ್ಮ ನಾಲ್ಕರಲ್ಲಿ ಯಾವುದಾದರೂ 32 ಬಿಟ್ ಪ್ರೊಸೆಸರ್ ಇರುವ ತೀರ ಹಳೆಯ ಯಂತ್ರವಾಗಿದ್ದರೆ ಡೆಬಿಯನ್ 13 ಅದಕ್ಕೆ ಆಗುವುದಿಲ್ಲ. ಅಂಥ ಪಿಸಿಗಳಿಗೆ ಇನ್‌ಸ್ಟಾಲರ್ ಮತ್ತು ಕರ್ನಲ್ (ವ್ಯವಸ್ಥೆಯ ತಿರುಳು) ಒದಗಿಸುವುದನ್ನು ಆ ಆವೃತ್ತಿಯಿಂದ ನಿಲ್ಲಿಸಿದ್ದಾರೆ. ಮತ್ತೊಂದು ವಿಷಯ, ನಾಲ್ಕೂ ಯಂತ್ರಗಳು ಬೇರೆಬೇರೆಯಾಗಿ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ಬದಲು, ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶ ಹಾಕಿಟ್ಟರೆ ಒಮ್ಮೆ ಇಳಿದ ಪ್ಯಾಕೇಜನ್ನು (ತಂತ್ರಾಂಶದ ಕಟ್ಟನ್ನು) ಉಳಿದವು ಅಲ್ಲಿಂದಲೇ ಪಡೆಯುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ದಿನಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಉತ್ತರ: ಕಾರವಾರದ ಸರ್ವರ್ ನಿರ್ವಾಹಕ

ಅಕ್ಕೋರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಆದರೆ ಮುದ್ರಕರ ಮೂಲಪ್ರಶ್ನೆ, ಎಂದರೆ ಹಳೆಯ ಆವೃತ್ತಿ ಎಷ್ಟು ಸುರಕ್ಷಿತ ಎಂಬುದು, ಉತ್ತರಿಸದೆ ಉಳಿದಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಡೆಬಿಯನ್‌ಗೆ ಬರುವ ಹೊಸ ಪ್ಯಾಕೇಜು ಮೊದಲು ಅನ್‌ಸ್ಟೇಬಲ್ ಎಂಬ ವಿಭಾಗಕ್ಕೆ ಸೇರುತ್ತದೆ. ಅಲ್ಲಿ ಸಾಮಾನ್ಯವಾಗಿ 2ರಿಂದ 10 ದಿನ ಇದ್ದು, ಗಂಭೀರವಾದ ಹೊಸ ದೋಷ ಯಾವುದೂ ವರದಿಯಾಗದಿದ್ದರೆ ಟೆಸ್ಟಿಂಗ್ ವಿಭಾಗಕ್ಕೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿಗಳು ಒಳಬರದಂತೆ ಟೆಸ್ಟಿಂಗ್‌ನ ಬಾಗಿಲನ್ನು ಹಂತಹಂತವಾಗಿ ಮುಚ್ಚಿ, ಉಳಿದ ದೋಷಗಳನ್ನು ತಿದ್ದಿ, ಅದನ್ನೇ ಸ್ಟೇಬಲ್ ಎಂದು ಬಿಡುಗಡೆ ಮಾಡುತ್ತಾರೆ. ಡೆಬಿಯನ್ 13ರ ವಿಷಯದಲ್ಲಿ ಬಾಗಿಲು ಮುಚ್ಚುವ ಕೆಲಸ 2025ರ ಮಾರ್ಚ್‌ನಲ್ಲಿ ಆರಂಭವಾಗಿ ಆಗಸ್ಟ್ 9ರಂದು ಬಿಡುಗಡೆಯಾಯಿತು. ಅಲ್ಲಿಂದ ಮೂರು ವರ್ಷ ಪೂರ್ಣ ಬೆಂಬಲ, ಮತ್ತೆರಡು ವರ್ಷ ದೀರ್ಘಾವಧಿ ಬೆಂಬಲ. ಈ ಅವಧಿಯಲ್ಲಿ ಬದಲಾಗುವುದು ದೋಷ ಪರಿಹಾರ ಮಾತ್ರ. ಪುಟ ಕಟ್ಟುವ ತಂತ್ರಾಂಶದ ನಡವಳಿಕೆಯನ್ನು ಬದಲಿಸುವ ಹೊಸ ಆವೃತ್ತಿ ಒಳಗೆ ಬರುವುದಿಲ್ಲ. ದೋಷವೇ ಇರುವುದಿಲ್ಲವೆಂದು ಯಾರೂ ಮಾತು ಕೊಟ್ಟಿಲ್ಲ. ಇರುವ ದೋಷ ನಾಳೆಯೂ ಅದೇ ಆಗಿರುತ್ತದೆ, ಅದಕ್ಕೆ ಕಂಡುಕೊಂಡ ಉಪಾಯ ನಾಳೆಯೂ ನಡೆಯುತ್ತದೆ ಎಂಬ ಭರವಸೆ ಇದು. ಮುದ್ರಕರು ವಿವರಿಸಿದ ಆ ಒಂದೆರಡು ದಿನಗಳ ಆತಂಕಕ್ಕೆ ಬೇಕಾದದ್ದೂ ಇದೇ.

ಸುರಕ್ಷತೆಗೆ ಬರೋಣ. 2024ರ ಜುಲೈ 1ರಂದು ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಹೊರಗಿನವರು ದೂರದಿಂದಲೇ ಯಂತ್ರವನ್ನು ವಶಪಡಿಸಿಕೊಳ್ಳಬಹುದಾದ ದೋಷವೊಂದು ಬಹಿರಂಗವಾಯಿತು. ಮೂಲ ಅಭಿವೃದ್ಧಿಕಾರರು ಅದನ್ನು 9.8ನೇ ಆವೃತ್ತಿಯಲ್ಲಿ ಸರಿಪಡಿಸಿದರು. ಆಗ ಸ್ಟೇಬಲ್ ಆಗಿದ್ದ ಡೆಬಿಯನ್ 12ರಲ್ಲಿ ಇದ್ದದ್ದು 9.2. ಡೆಬಿಯನ್‌ನವರು 9.8ಕ್ಕೆ ನೆಗೆಯಲಿಲ್ಲ, ಆ ತಿದ್ದುಪಡಿಯನ್ನಷ್ಟೇ ತಂದು 9.2ಕ್ಕೆ ಹೊಲಿದರು. ಆವೃತ್ತಿಯ ಅಂಕಿ 9.2 ಎಂದೇ ಉಳಿದು, ಅದರ ಬಾಲದಲ್ಲಿ ಡೆಬಿಯನ್‌ನ ತಿದ್ದುಪಡಿ ಸಂಖ್ಯೆ ಮಾತ್ರ ಏರಿತು. ಆದ್ದರಿಂದ ಅಂಕಿ ನೋಡಿ ಇದು ಹಳೆಯದು, ಅಪಾಯಕಾರಿ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಇನ್ನೂ ಗಮನಿಸಬೇಕಾದ್ದೇನೆಂದರೆ, ಆ ದೋಷ ನುಸುಳಿದ್ದು 8.5ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಿಂದಿನ 8.4 ಇದ್ದ ಡೆಬಿಯನ್ 11ಕ್ಕೆ ಅದು ತಟ್ಟಲೇ ಇಲ್ಲ.

ಅದೇ ವರ್ಷದ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಅಡಗಿಸಿಟ್ಟ ಹಿಂಬಾಗಿಲು ಪತ್ತೆಯಾಯಿತು. ಲಾಗಿನ್ ಆಗಲು ಮಾಮೂಲಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದ್ದುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಅಭಿವೃದ್ಧಿಕಾರರು ಬೆನ್ನಟ್ಟಿ ಹೋದದ್ದರಿಂದ ಅದು ಬೆಳಕಿಗೆ ಬಂತು. ಆ ಹೊತ್ತಿಗೆ ಆ ಆವೃತ್ತಿಗಳು ಡೆಬಿಯನ್‌ನ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್, ಆರ್ಚ್‌ನಂತೆ ಸದಾ ಹೊಸದಾಗುವ ಲಿನಕ್ಸ್ ಆದ ಓಪನ್‌ಸೂಸೆ ಟಂಬಲ್‌ವೀಡ್, ಮತ್ತೊಂದು ಲಿನಕ್ಸ್ ಆದ ಫೆಡೋರಾದ ಅಭಿವೃದ್ಧಿ ಶಾಖೆಗಳನ್ನು ತಲುಪಿದ್ದವು. ಡೆಬಿಯನ್ ಸ್ಟೇಬಲ್‌ಗೆ ಬಂದಿರಲಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ಅದು ಪಕ್ಷಪಾತವಾಗುತ್ತದೆ. 2008ರ ಮೇ ತಿಂಗಳಿನಲ್ಲಿ ಬಯಲಾದ, ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ ದೋಷ ಡೆಬಿಯನ್‌ನವರೇ 2006ರಲ್ಲಿ ಸೇರಿಸಿದ ಒಂದು ಬದಲಾವಣೆಯಿಂದ ಹುಟ್ಟಿದ್ದು. ಅದರಿಂದಾಗಿ ಯಾರೂ ಊಹಿಸಲಾಗದಂತೆ ಇರಬೇಕಾಗಿದ್ದ ಗೂಢಲಿಪಿ ಕೀಲಿಗಳು ಊಹಿಸಬಲ್ಲಂಥವಾದವು, ಅದು ಸ್ಟೇಬಲ್‌ನಲ್ಲೂ ಇತ್ತು. ಮೂಲ ಲೇಖಕರಿಂದ ದೂರ ಉಳಿದು ಹಳೆಯದಕ್ಕೆ ತೇಪೆ ಹಚ್ಚುವವರ ಕೈಯಲ್ಲೂ ಇಂಥ ಅಪಾಯವಿದೆಯೆಂಬುದನ್ನು ನಾವು ಮರೆಯಬಾರದು.

ಕರೆಂಟು ಹೋಗುವ ವಿಷಯ: ಡೆಬಿಯನ್‌ನಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮತ್ತೆ ಯಂತ್ರ ಹಚ್ಚಿ, ಬಾಕಿ ಉಳಿದ ಪ್ಯಾಕೇಜುಗಳ ಜೋಡಣೆಯನ್ನು ಮುಂದುವರಿಸು ಎಂದು ಡಿಪಿಕೆಜಿ ಎಂಬ ಅಳವಡಿಕೆ ಸಾಧನಕ್ಕೆ ಆದೇಶ ಕೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಕರ್ನಲ್ ಹೊಸದು ಬಂದಾಗಲೂ ಹಿಂದಿನ ಕರ್ನಲ್ ಬೂಟ್ ಪಟ್ಟಿಯಲ್ಲಿ ಉಳಿದಿರುತ್ತದೆ. ಆದರೂ ಯುಪಿಎಸ್ ಇಲ್ಲದೆ ಯಾವ ವ್ಯವಸ್ಥೆಯನ್ನೂ ಅಪ್‌ಡೇಟ್ ಮಾಡಬೇಡಿ.

ಉತ್ತರ: ಹೊನ್ನಾವರದ ಪ್ರೋಗ್ರಾಮರ್

ನಾನು ಆರ್ಚ್ ಬಳಸುವವನು. ಮುದ್ರಕರ ಅಣ್ಣನ ಮಗನ ಮಾತಿಗೆ ಇಲ್ಲಿ ಬೆಂಬಲವೇ ಸಿಗದಿದ್ದರೆ ಅನ್ಯಾಯವಾದೀತೆಂದು ಬರೆಯುತ್ತಿದ್ದೇನೆ.

ಕನ್ನಡದ ಮಟ್ಟಿಗೆ ಹೊಸ ಆವೃತ್ತಿಯೆಂಬುದು ಅನೇಕ ಸಲ ಆಗುವುದು ಮತ್ತು ಆಗದಿರುವುದರ ನಡುವಿನ ವ್ಯತ್ಯಾಸವಾಗಿತ್ತು. ಪುಟ ಕಟ್ಟುವ ತಂತ್ರಾಂಶವಾದ ಸ್ಕ್ರೈಬಸ್‌ನ 1.4 ಸರಣಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತಿರಲಿಲ್ಲ. ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ಲೈಬ್ರರಿ ಆಧರಿಸಿದ ಹೊಸ ಪಠ್ಯವಿನ್ಯಾಸ 1.5ರ ಅಭಿವೃದ್ಧಿ ಸರಣಿಯಲ್ಲಿ ಬಂದು, 1.6 ಎಂಬ ಅಧಿಕೃತ ಆವೃತ್ತಿಯಾಗಿ ಕೈಗೆ ಸಿಕ್ಕಿದ್ದು 2024ರ ಜನವರಿಯಲ್ಲಿ. ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ 2017ರ ಫೆಬ್ರವರಿಯ 5.3ನೇ ಆವೃತ್ತಿಯಲ್ಲಿ ಎಲ್ಲ ವ್ಯವಸ್ಥೆಗಳಲ್ಲೂ ಹಾರ್ಫ್‌ಬಝ್ ಅನ್ನೇ ನೆಚ್ಚಿಕೊಂಡಿತು. ಚಿತ್ರ ತಿದ್ದುವ ಗಿಂಪ್ 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಡೆಬಿಯನ್ 12ನ್ನು ನೆಚ್ಚಿದವರು ಭಂಡಾರದಿಂದಲೇ ಅದನ್ನು ಪಡೆಯಲು ಡೆಬಿಯನ್ 13ರವರೆಗೆ, ಎಂದರೆ ಆಗಸ್ಟ್‌ವರೆಗೆ, ಕಾಯಬೇಕಾಯಿತು. ಈ ಕಾಯುವಿಕೆ ಕೆಲವೊಮ್ಮೆ ತಿಂಗಳುಗಳಷ್ಟಿದ್ದರೆ, ನಿಮ್ಮ ಅದೃಷ್ಟ ಕೆಟ್ಟು ಬಾಗಿಲು ಮುಚ್ಚಿದ ಮರುವಾರ ಬಿಡುಗಡೆಯಾದ ತಂತ್ರಾಂಶವೇ ನಿಮಗೆ ಬೇಕಾದದ್ದಾಗಿದ್ದರೆ ಎರಡು ವರ್ಷ ದಾಟುತ್ತದೆ.

ಇನ್ನೊಂದು ಮಾತನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. 'ಕಾರ್ಯ' ಎಂದು ಬರೆದಾಗ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರದ ಮೇಲೆ ಹತ್ತಿ ಕುಳಿತರೆ, ಅಥವಾ 'ಸ್ತ್ರೀ' ಎಂಬಲ್ಲಿ ಎರಡು ಒತ್ತುಗಳು ಒಂದರ ಮೇಲೊಂದು ಬಿದ್ದರೆ, ಅದನ್ನು ಕಂಡುಹಿಡಿಯುವುದು ಕನ್ನಡ ಓದಬಲ್ಲ ಕಣ್ಣಿಗೆ ಮಾತ್ರ ಸಾಧ್ಯ. ದೂರು ಕೊಟ್ಟರೆ ಅಭಿವೃದ್ಧಿಕಾರರು ಕೇಳುವ ಮೊದಲ ಪ್ರಶ್ನೆ, ಇತ್ತೀಚಿನ ಆವೃತ್ತಿಯಲ್ಲೂ ಹೀಗೇ ಆಗುತ್ತದೆಯೇ ಎಂಬುದು. ಕನ್ನಡಿಗರೆಲ್ಲರೂ ಸ್ಟೇಬಲ್‌ನಲ್ಲೇ ಕುಳಿತಿದ್ದರೆ ಆ ಪ್ರಶ್ನೆಗೆ ಉತ್ತರಿಸುವವರಿರುವುದಿಲ್ಲ, ದೋಷ ಹಾಗೆಯೇ ಮುಂದಿನ ಸ್ಟೇಬಲ್‌ನೊಳಗೆ ಸೇರಿ ಮತ್ತೆರಡು ವರ್ಷ ಅಲ್ಲೇ ಕೂರುತ್ತದೆ. ಸ್ಟೇಬಲ್‌ನ ನೆಮ್ಮದಿಯನ್ನು ಅನುಭವಿಸುವವರಿಗಾಗಿ ಯಾರಾದರೂ ಮುಂದೆ ನಡೆದು ದಾರಿ ನೋಡಿರಬೇಕು. ನಮ್ಮ ಭಾಷೆಯ ಪಾಲಿಗೆ ಆ ಕೆಲಸವನ್ನು ಬೇರೆಯವರು ಮಾಡಿಕೊಡುವುದಿಲ್ಲ.

ಇಷ್ಟಾಗಿಯೂ ಮುದ್ರಣಾಲಯದ ನಾಲ್ಕೂ ಯಂತ್ರಗಳಿಗೆ ಆರ್ಚ್ ಹಾಕಿ ಎಂದು ನಾನು ಹೇಳಲಾರೆ. ಆರ್ಚ್‌ನಲ್ಲಿ ಬೇಕಾದ ಪ್ಯಾಕೇಜನ್ನು ಮಾತ್ರ ಹೊಸದು ಮಾಡಿ ಉಳಿದದ್ದನ್ನು ಬಿಡುವುದಕ್ಕೆ ಬೆಂಬಲವಿಲ್ಲ. ಮಾಡಿದರೆ ಪೂರ್ತಿ ವ್ಯವಸ್ಥೆಯನ್ನೇ ಮಾಡಬೇಕು, ಮಾಡುವ ಮುನ್ನ ಅವರ ಪ್ರಕಟಣೆಗಳ ಪುಟವನ್ನು ಓದಬೇಕು. 2022ರ ಆಗಸ್ಟ್‌ನಲ್ಲಿ ಯಂತ್ರ ಹಚ್ಚಿದಾಗ ವ್ಯವಸ್ಥೆಯನ್ನು ಎಬ್ಬಿಸುವ ಗ್ರಬ್ ಬೂಟ್‌ಲೋಡರಿನ ಒಂದು ಅಪ್‌ಡೇಟ್‌ನಿಂದ ಆರ್ಚ್ ಮತ್ತು ಅದರ ಬಳಗದ ಅನೇಕ ಯಂತ್ರಗಳು ಬೂಟ್ ಆಗದೆ ನಿಂತವು. ಪೆನ್‌ಡ್ರೈವ್‌ನಿಂದ ಹಚ್ಚಿ ಸರಿಪಡಿಸುವುದು ತಿಳಿದವರಿಗೆ ಅದು ಸ್ವಲ್ಪ ಹೊತ್ತಿನ ಕೆಲಸ, ತಿಳಿಯದವರಿಗೆ ಆ ದಿನ ಅಂಗಡಿ ಮುಚ್ಚಿದಂತೆ. ನಿಮ್ಮ ಅಣ್ಣನ ಮಗ ಓದಿಗೋ ನೌಕರಿಗೋ ಬೆಂಗಳೂರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಈಗಲೇ ಮಾತಾಡಿಕೊಳ್ಳಿ. ಹೊಸದು ಬೇಕು, ಆದರೆ ಹಿಂದಿರುಗುವ ದಾರಿಯೂ ಇರಬೇಕು ಎನ್ನುವುದಾದರೆ ಟಂಬಲ್‌ವೀಡ್ ನೋಡಬಹುದು. ಅಲ್ಲಿ ಓಪನ್‌ಕ್ಯೂಎ ಎಂಬ ಸ್ವಯಂಚಾಲಿತ ಪರೀಕ್ಷೆ ದಾಟಿದ ಮೇಲೆಯೇ ಅಪ್‌ಡೇಟ್ ಹೊರಬೀಳುತ್ತದೆ, ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ನಿಂದ ಹಿಂದಿನ ಸ್ಥಿತಿಗೆ ಮರಳಬಹುದು.

ಶಿರಸಿಯ ಮುದ್ರಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಯಂತ್ರಗಳೆಲ್ಲ 64 ಬಿಟ್ ಆಗಿವೆ, ಆ ತೊಡಕಿಲ್ಲ. ಹೊನ್ನಾವರದವರ ಮಾತು ಅಣ್ಣನ ಮಗನಿಗೂ ಒಪ್ಪಿಗೆಯಾಯಿತು. ದುಡಿಮೆಯ ಯಂತ್ರಗಳಿಗೆ ಡೆಬಿಯನ್ 13, ಅವನ ಸ್ವಂತ ಲ್ಯಾಪ್‌ಟಾಪಿನಲ್ಲಿ ಆರ್ಚ್ ಎಂದು ಮಾತಾಗಿದೆ. ನಮ್ಮ ಹಳೆಯ ಪುಟಗಳನ್ನು ಅವನು ಹೊಸ ಆವೃತ್ತಿಗಳಲ್ಲಿ ತೆರೆದು ನೋಡಿ, ಅಕ್ಷರ ಕೆಟ್ಟದ್ದು ಕಂಡರೆ ದೂರು ದಾಖಲಿಸುತ್ತೇನೆ ಎಂದಿದ್ದಾನೆ.

ಉಳಿದದ್ದು ಎರಡು ಸಂಶಯ. ಸ್ಕ್ರೈಬಸ್ ಒಂದನ್ನು ಮಾತ್ರ ಫ್ಲಾಟ್‌ಪ್ಯಾಕ್ ಮೂಲಕ ಹೊಸದಾಗಿ ಇಟ್ಟುಕೊಂಡು ಉಳಿದದ್ದನ್ನು ಡೆಬಿಯನ್‌ನದ್ದೇ ಬಳಸಬಹುದೇ? ಮುಂದೆ ಡೆಬಿಯನ್ 14 ಬಂದಾಗ ಬದಲಾಯಿಸಲು ಯಾವ ಸಮಯ ಸೂಕ್ತ?

ಕಾರವಾರದ ಸರ್ವರ್ ನಿರ್ವಾಹಕ

ಫ್ಲಾಟ್‌ಪ್ಯಾಕ್ ಬಳಸಬಹುದು. ಅದು ತನಗೆ ಬೇಕಾದ ಲೈಬ್ರರಿಗಳನ್ನು ತಾನೇ ತಂದುಕೊಂಡು ಕೆಳಗಿನ ವ್ಯವಸ್ಥೆಯನ್ನು ಮುಟ್ಟದೆ ನಡೆಯುತ್ತದೆ, ವ್ಯವಸ್ಥೆಯಲ್ಲಿ ಹಾಕಿದ ಕನ್ನಡ ಫಾಂಟ್‌ಗಳೂ ಅದಕ್ಕೆ ಕಾಣುತ್ತವೆ. ಇಳಿಸಿಕೊಳ್ಳುವ ಗಾತ್ರ ಮಾತ್ರ ದೊಡ್ಡದು. ಆದರೆ ಡೆಬಿಯನ್ 13ರಲ್ಲಿ ಇರುವುದೂ ಸ್ಕ್ರೈಬಸ್ 1.6ರ ಸರಣಿಯೇ ಆದ್ದರಿಂದ ಈಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆಂದಾದರೂ ಫ್ಲಾಟ್‌ಪ್ಯಾಕ್‌ಗೆ ಹೋಗುವುದಾದರೆ ನಾಲ್ಕೂ ಯಂತ್ರಗಳಲ್ಲಿ ಒಂದೇ ದಿನ ಹೋಗಿ. ಹೊಸ ಸರಣಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಸರಣಿಯಲ್ಲಿ ತೆರೆಯಲಾಗದೆ ಹೋಗಬಹುದು. ಒಬ್ಬರು ಕಟ್ಟಿದ ಪುಟವನ್ನು ಪಕ್ಕದ ಮೇಜಿನವರು ತಿದ್ದಲಾಗದ ಸ್ಥಿತಿ ಕೆಲಸದ ಒತ್ತಡದಲ್ಲಿ ಬರಬಾರದು. ಮಾಸ್ಕ್ ಎಂಬ ಆದೇಶದಿಂದ ಒಂದು ತಂತ್ರಾಂಶದ ಅಪ್‌ಡೇಟನ್ನು ತಡೆದಿಡಲು ಫ್ಲಾಟ್‌ಪ್ಯಾಕ್‌ನಲ್ಲಿ ಅವಕಾಶವಿದೆ. ಪುಸ್ತಕವೊಂದರ ಕೆಲಸ ಹಿಡಿದ ದಿನ ಅದನ್ನು ಹಾಕಿ, ಪ್ಲೇಟ್ ಆದ ಮೇಲೆ ತೆಗೆಯಿರಿ. ಆ ಪುಸ್ತಕಕ್ಕೆ ಬಳಸಿದ ಫಾಂಟ್ ಕಡತಗಳನ್ನೂ ಪುಟಗಳ ಜೊತೆಗೆ ಅದೇ ಫೋಲ್ಡರಿನಲ್ಲಿ ನಕಲು ಮಾಡಿಟ್ಟುಕೊಳ್ಳಿ, ಮರುಮುದ್ರಣದ ಹೊತ್ತಿಗೆ ಅವು ಬೇಕಾಗುತ್ತವೆ.

ಸುರಕ್ಷತಾ ಅಪ್‌ಡೇಟ್‌ಗಳನ್ನು ಇದರಲ್ಲಿ ಸೇರಿಸಿ ತಡೆಯಬೇಡಿ. ಫೈರ್‌ಫಾಕ್ಸ್ ಬ್ರೌಸರಿನ ಇಎಸ್‌ಆರ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿಗೂ ಕರ್ನಲ್‌ಗೂ ಬರುವ ತಿದ್ದುಪಡಿಗಳನ್ನು ಬಂದಂತೆ ಹಾಕಿಕೊಳ್ಳಿ, ಅವುಗಳಿಂದ ನಿಮ್ಮ ಪುಟದ ಸಾಲು ಒಡೆಯುವುದಿಲ್ಲ.

ಡೆಬಿಯನ್ 14 ಬಿಡುಗಡೆಯಾದ ಕೂಡಲೇ ಹಾರುವ ಅವಸರ ಬೇಡ, 13ಕ್ಕೆ ಬೆಂಬಲ ಇದ್ದೇ ಇರುತ್ತದೆ. ನವರಾತ್ರಿ ಮುಗಿದು ತುಳಸಿ ಲಗ್ನಕ್ಕೆ ಮುಂಚಿನ ದಿನಗಳು ನಿಮಗೆ ಒಳ್ಳೆಯವೆಂದು ನನ್ನ ಅಂದಾಜು: ಮಳೆ ತಗ್ಗಿ ಕರೆಂಟು ಒಂದು ಹದಕ್ಕೆ ಬಂದಿರುತ್ತದೆ, ಮದುವೆಯ ಕರೆಯೋಲೆಗಳ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಮಾರಿಕಾಂಬೆಯ ಜಾತ್ರೆಯ ವರ್ಷವಾದರೆ ಜಾತ್ರೆಯ ಕೆಲಸವೆಲ್ಲ ಪೂರೈಸಿದ ಮೇಲೆಯೇ ಕೈಹಾಕಿ. ಮೊದಲು ಒಂದೇ ಯಂತ್ರವನ್ನು ಬದಲಾಯಿಸಿ, ಹಿಂದಿನ ವರ್ಷದ ಯಾವುದಾದರೂ ವಾರ್ಷಿಕ ವರದಿಯನ್ನು ಅದರಲ್ಲಿ ತೆರೆದು ಪಿಡಿಎಫ್ ಮಾಡಿ, ಆಗ ಅಚ್ಚಾದ ಪ್ರತಿಯ ಪಕ್ಕದಲ್ಲಿಟ್ಟು ಪುಟಪುಟವಾಗಿ ಹೋಲಿಸಿ. ಅಡಾವೆ ಪತ್ರಿಕೆಯ ಕೋಷ್ಟಕ ಇದ್ದಲ್ಲೇ ಇದೆಯೆಂದು ಖಾತ್ರಿಯಾದ ಮೇಲೆ, ಹಳೆಯ ಲೇಸರ್ ಪ್ರಿಂಟರಿನಲ್ಲಿ ಒಂದು ಕರಡನ್ನೂ ತೆಗೆದು ನೋಡಿ. ತಯಾರಕರು ಕೈಬಿಟ್ಟ ಡ್ರೈವರುಗಳು ಕೆಡುವುದು ಹೆಚ್ಚಾಗಿ ಇಂಥ ದೊಡ್ಡ ಬದಲಾವಣೆಯಲ್ಲೇ. ಅದೂ ಸರಿಯಿದ್ದರೆ ಉಳಿದ ಮೂರನ್ನು ಬದಲಾಯಿಸಬಹುದು.